ಇತ್ಯರ್ಥವಾದ ಮೇಲೆ ಸಿಕ್ಕ ಮನುಷ್ಯ

ನನ್ನ ಗೆಳೆಯ ವಸಂತನ ಕೆಲಸ ತೃಪ್ತಿಕರವಾಗಿಲ್ಲ ಎಂದು ಸರ್ಕಾರ ಷರಾ ಬರೆದಿದೆ. ಅವನು ಮಾಡಿದ್ದೇನು? ಕಾಣೆಯಾದ ಒಬ್ಬನನ್ನು ಹುಡುಕಿದ.

ವಸಂತ ರಾಣೆಬೆನ್ನೂರಿನಲ್ಲಿ ನನ್ನ ಜೊತೆ ಓದಿದವನು. ಈಗ ಕೊಲ್ಲಿಯ ಒಂದು ದೇಶದಲ್ಲಿ ನಮ್ಮ ರಾಯಭಾರ ಕಚೇರಿಯ ಸಹಾಯಕ. (ರಾಯಭಾರ ಎಂದೊಡನೆ ಸೂಟು, ಬೂಟು, ಪಾರ್ಟಿ ಎಂದುಕೊಳ್ಳಬೇಡಿ. ಅವನ ಪಾಲಿಗೆ ಬಂದಿರುವುದು ಒಂದು ಟೇಬಲ್ಲು ಮತ್ತು ಕಿಟಕಿಯಾಚೆ ಜನರ ಮುಗಿಯದ ಸಾಲು.)

ನಾನು ಬ್ಯಾಡಗಿಯಲ್ಲಿ ಮಾಸ್ತರನಾಗಿದ್ದಾಗ ನಮ್ಮ ಪಕ್ಕದ ಮನೆಯವರು ದಾವಲಸಾಬ ಮತ್ತು ಅವನ ಹೆಂಡತಿ ಹುಸೇನಬಿ. ದಾವಲಸಾಬ ಮೆಣಸಿನಕಾಯಿ ಲಾರಿ ಓಡಿಸುತ್ತಿದ್ದ. ಆಮೇಲೆ ಡ್ರೈವರ್ ಕೆಲಸಕ್ಕೆಂದೇ ಕೊಲ್ಲಿಗೆ ಹೋದ. ತಪ್ಪದೆ ಕಾಗದ ಬರೆಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿಬಿಟ್ಟ.

ಹುಸೇನಬಿ ಯಾರಿಂದಲೋ ಬರೆಸಿ ರಾಯಭಾರ ಕಚೇರಿಗೆ ಅರ್ಜಿ ಹಾಕಿದಳು. ಬಹಳ ದಿನದ ಮೇಲೆ ಇಂಗ್ಲಿಷಿನಲ್ಲಿ ಉತ್ತರ ಬಂತು. ಓದಿಸಲು ಈಗ ನಾನಿರುವ ರಾಣೆಬೆನ್ನೂರಿಗೆ, ನಮ್ಮ ಮನೆಗೆ ಬಂದಳು. ‘ನಿಮ್ಮ ಅರ್ಜಿಯನ್ನು ಸಂಬಂಧಪಟ್ಟ ಕಂಪನಿಗೆ ಕಳುಹಿಸಲಾಗಿದೆ’ ಎಂದಿತ್ತು. ಅಷ್ಟೇ.

“ಹಂಗಂದ್ರ ಅದಾರೋ ಇಲ್ಲೋ, ಸರ್?” ಎಂದಳು.

ಆ ಸಂಜೆಯೇ ವಸಂತನಿಗೆ ಬರೆದೆ.

ಅರ್ಜಿ ಹೋಗಿದ್ದುದು ಬೇರೆ ಟೇಬಲ್ಲಿಗೆ. ವಸಂತ ವಿಚಾರಿಸಿದಾಗ ಕಂಪನಿಯವರು ಕೆಲಸ ಬಿಟ್ಟುಹೋಗಿದ್ದಾನೆ ಎಂದರು. ಹೋಗಿದ್ದರೆ ಊರಿಗಲ್ಲವೆ ಬರಬೇಕು? ಕಚೇರಿಗೆ ಇರುವುದೇ ಒಂದು ಜೀಪು. ಅದೂ ದೊಡ್ಡವರನ್ನು ವಿಮಾನ ನಿಲ್ದಾಣದಿಂದ ಕರೆತರುವುದರಲ್ಲೇ ಸವೆಯುತ್ತದೆ. ಮೇಲಿನವರನ್ನು ಕೇಳಿಕೊಂಡು ಅವನು ಶುಕ್ರವಾರದ ರಜೆಗಳಲ್ಲಿ ಆ ಜೀಪು ತೆಗೆದುಕೊಂಡು ಹೊರಟ. ಕೂಲಿಗಳ ಶೆಡ್ಡು, ಪೊಲೀಸ್ ಠಾಣೆ, ಆಸ್ಪತ್ರೆ.

ಮರಳುಗಾಡಿನ ಅಂಚಿನ ಊರೊಂದರ ಸರ್ಕಾರಿ ಆಸ್ಪತ್ರೆಯಲ್ಲಿ ಆ ಹೆಸರಿನವರು ಯಾರೂ ಇಲ್ಲ ಎಂದರು. ಹೇಗೂ ಬಂದಿದ್ದೇನಲ್ಲ ಎಂದು ವಸಂತ ವಾರ್ಡಿನೊಳಗೆ ಹೋಗಿ ನಮ್ಮ ಮಾತಿನಲ್ಲೇ ಕೇಳಿದ: “ಬ್ಯಾಡಗಿ ಕಡೆಯವ್ರು ಯಾರರ ಅದೀರೇನ್ರಿ?”

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಒಬ್ಬ ಮಾತ್ರ ನಿಧಾನ ಹೊರಳಿದ. “ನೀವು ಯಾವೂರವ್ರಿ?” ಎಂದ.

ದಾವಲಸಾಬ. ಲಾರಿ ಉರುಳಿ ಮೊಣಕಾಲಿನ ಕೆಳಗೆ ಒಂದು ಕಾಲು ಹೋಗಿತ್ತು. ಪ್ರಜ್ಞೆಯಿಲ್ಲದಾಗ ಸೇರಿಸಿದವರು ಬೇರೆ ಯಾವುದೋ ಹೆಸರು ಬರೆಸಿದ್ದರು. ಪಾಸ್‌ಪೋರ್ಟು ಮಾಲಕನ ಹತ್ತಿರ. ಮನೆಗೆ ಯಾಕೆ ಬರೆಯಲಿಲ್ಲ ಎಂದರೆ, “ಕಾಲು ಹೋತು ಅಂತ ಆಕಿಗೆ ಹೆಂಗ ಬರೀಲ್ರಿ?” ಎಂದನಂತೆ.

ಮಾಲಕನ ಜೊತೆ ಜಗಳವಾಡಿ ಪಾಸ್‌ಪೋರ್ಟು ಬಿಡಿಸಿ, ವಸಂತ ಅವನನ್ನು ವಿಮಾನ ಹತ್ತಿಸಿದ. ಈಗ ದಾವಲಸಾಬ ಬ್ಯಾಡಗಿಯ ಒಂದು ಲಾರಿ ಆಫೀಸಿನಲ್ಲಿ ಬುಕಿಂಗ್ ನೋಡಿಕೊಳ್ಳುತ್ತಾನೆ.

ರಜೆಗೆ ಬಂದ ವಸಂತನನ್ನು ಕಳೆದ ಭಾನುವಾರ ಅವರು ಊಟಕ್ಕೆ ಕರೆದಿದ್ದರು. ನಾನೂ ಹೋಗಿದ್ದೆ. ಷರಾದ ಕಥೆ ಹೊರಬಿದ್ದದ್ದು ಅಲ್ಲೇ. ಕಚೇರಿಯ ಕೆಲಸ ಅಳೆಯಲು ದೆಹಲಿಯಿಂದ ಅಧಿಕಾರಿಯೊಬ್ಬರು ಬಂದಿದ್ದರಂತೆ. ಇಷ್ಟು ಪೆಟ್ರೋಲಿಗೆ ಎಷ್ಟು ಕೇಸು ಇತ್ಯರ್ಥವಾಯಿತು ಎಂದು ಕೇಳಿದರು. ಒಂದು ಎಂದ ವಸಂತ. ಅವರು ಫೈಲು ತಿರುವಿದರು. ಹೆಂಡತಿಗೆ ಉತ್ತರ ಹೋದ ದಿನವೇ ಈ ಕೇಸು ಇತ್ಯರ್ಥವಾಗಿದೆಯಲ್ಲ ಎಂದರು.

ಅಲ್ಲಿಗೆ ಆ ಒಂದೂ ಸೊನ್ನೆ!

ಆ ಅಧಿಕಾರಿ ಕೆಟ್ಟವರಲ್ಲ. ಆ ಮನುಷ್ಯ ಈಗ ಹೇಗಿದ್ದಾನೆ ಎಂದು ವಿಚಾರಿಸಿದರಂತೆ. ಕೊನೆಗೆ ಪೆನ್ನು ಹಿಡಿದು, ‘ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ, ನೀವೇ ಹೇಳಿ’ ಎಂದರಂತೆ. ಪಾಪ, ಅವರನ್ನೂ ಅಳೆಯುವವರು ಮೇಲೆ ಇನ್ನೊಬ್ಬರಿರುತ್ತಾರೆ.

ಅಳತೆಯೇ ಬೇಡ ಎನ್ನುವವನಲ್ಲ ನಾನು. ಜೀಪು ಜನರದು, ಪೆಟ್ರೋಲೂ ಜನರದು. ಲೆಕ್ಕ ಕೇಳಲೇಬೇಕು. ಆದರೆ ಬ್ಯಾಡಗಿಯ ವ್ಯಾಪಾರಿ ಕೂಡ ಮೆಣಸಿನಕಾಯಿಯನ್ನು ಬರೀ ತೂಗಿ ಕೊಳ್ಳುವುದಿಲ್ಲ. ಬಣ್ಣ ನೋಡುತ್ತಾನೆ, ಮುರಿದು ಮೂಸುತ್ತಾನೆ. ಎಷ್ಟು ಕಾಗದ ಹೋಯಿತು ಎಂದು ಎಣಿಸುವ ಸರ್ಕಾರ, ಕಾಗದ ತಲುಪಿದ ಮನೆಯಲ್ಲಿ ಏನಾಯಿತು ಎಂದು ಯಾಕೆ ಕೇಳಬಾರದು?

ಹುಸೇನಬಿ ಎಲ್ಲ ಕೇಳಿಸಿಕೊಂಡಳು. ವಸಂತನ ತಾಟಿಗೆ ಇನ್ನಷ್ಟು ಅನ್ನ ಬಡಿಸಿ, “ನಮ್ಮಿಂದ ನಿಮಗ ತ್ರಾಸ ಆತ್ರಿ, ಸಾಹೇಬ್ರ” ಎಂದಳು.

“ತ್ರಾಸ ಏನಿಲ್ಲವ್ವಾ. ಒಂದು ಪ್ರಮೋಶನ್ ಹಿಂದ ಬಿತ್ತು, ಅಷ್ಟ” ಎಂದ. ನಗಲು ನೋಡಿದ. ದಾವಲಸಾಬ ತಲೆ ಎತ್ತಲಿಲ್ಲ.

ನಾವು ಹೊರಗೆ ಬಂದಾಗ ಕಟ್ಟೆಯ ಮೇಲೆ ಕಾಗಿನೆಲೆಯ ಮುದುಕರೊಬ್ಬರು ಕಾದು ಕುಳಿತಿದ್ದರು. ಸಾಹೇಬರು ಬಂದ ಸುದ್ದಿ ಮುಟ್ಟಿತ್ತು. ಕೈಯಲ್ಲಿ ತಮ್ಮನ ಫೋಟೋ. ಅದೇ ದೇಶ. ಅವನದೂ ಸುದ್ದಿಯಿಲ್ಲ.

ವಸಂತ ಫೋಟೋ ತೆಗೆದುಕೊಂಡು ಅಂಗಿಯ ಜೇಬಿಗಿಟ್ಟ. ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ನಾನು ಕೇಳಿದೆ, “ಜೀಪು ಕೊಡ್ತಾರೇನೋ ಇನ್ನ?”

“ಪೆಟ್ರೋಲ್ ಅರ್ಧಾ ಕಡಿತ ಮಾಡ್ಯಾರ. ನೋಡೂಣು, ಅಲ್ಲೂ ಬಸ್ ಅದಾವಲ್ಲ” ಎಂದ.

ಪೆಟ್ರೋಲಿಗೆ ಮಿತಿ ಹಾಕಿದ್ದಾಯಿತು, ಸರಿ. ಕಾಣೆಯಾಗುವವರಿಗೆ ಮಿತಿ ಹಾಕುವವರು ಯಾರು?