ಎರಡು ಸಲ ತಂದ ಬೆಂಕಿ

ನಾನು ಚಿಕ್ಕವಳಿದ್ದಾಗ ಒಂದು ಬೇಸಿಗೆಯ ಬೆಳಿಗ್ಗೆ ನಮ್ಮ ಮನೆಯ ಒಲೆ ಆರಿಹೋಗಿತ್ತು. ಮಕ್ಕಳೇ, ಇದೊಂದು ಮಾತು ಮಾತ್ರ ಖಂಡಿತ. ಮುಂದಿನದನ್ನು ನೆನಪಿದ್ದಂತೆ ಹೇಳುತ್ತೇನೆ; ನೆನಪು ಪ್ರತಿ ಸಲ ಒಂದೇ ದಾರಿಯಲ್ಲಿ ನಡೆಯುವುದಿಲ್ಲ.

ಅಂತರಸಂತೆಯಿಂದಾಚೆ, ಕಪಿಲಾ ಹೊಳೆಗೂ ಕಾಡಿಗೂ ನಡುವೆ ನಮ್ಮೂರು. ಮಲಗುವ ಮುಂಚೆ ಕೆಂಡಕ್ಕೆ ಬೂದಿ ಮುಚ್ಚಿಟ್ಟರೆ ಬೆಳಿಗ್ಗೆ ಊದಿದೊಡನೆ ಒಲೆ ಏಳುತ್ತಿತ್ತು. ಆರಿದರೆ ನೆರೆಯ ಒಲೆಯಿಂದ ಬೆಂಕಿ ತರಬೇಕು. ಬೆಂಕಿಪೊಟ್ಟಣವೇನೋ ಇತ್ತು, ಅದು ಅಪ್ಪನ ಬೀಡಿಗೆ ಮೀಸಲು. ಬೂದಿ ಮುಚ್ಚಲು ಮರೆತವಳು ನಾನು, ಹಾಗಾಗಿ ಅವ್ವ ನನ್ನನ್ನೇ ಓಡಿಸಿದಳು.

ನಮ್ಮದು ಊರಿನ ಕೊನೆಯ ಮನೆ. ಹತ್ತಿರದ ಒಲೆಯೆಂದರೆ ಕಾಡಿನ ಕಾಲುದಾರಿಯಲ್ಲಿದ್ದ, ಜೇನು ಕೀಳುವ ಅಜ್ಜನ ಗುಡಿಸಲಿನದು. ಅಜ್ಜ ಬೆರಣಿ ಚೂರಿನ ಮೇಲೆ ಕೆಂಡ ಇಟ್ಟುಕೊಟ್ಟ. ಅರ್ಧ ದಾರಿಯಲ್ಲಿ ಗಾಳಿ ಬೀಸಿತು, ಬೆರಣಿ ಹೊತ್ತಿಕೊಂಡಿತು, ಬೆರಳು ಸುಟ್ಟು ತರಗೆಲೆಯ ಮೇಲೆ ಬಿಟ್ಟುಬಿಟ್ಟೆ. ಕಾಲಿನಿಂದ ಮಣ್ಣು ಎಳೆದು ಉಜ್ಜಿದೆ. ಇಲ್ಲ, ಉಜ್ಜಬೇಕೆಂದುಕೊಂಡೆನೋ ಏನೋ. ಮತ್ತೆ ಅಜ್ಜನ ಹತ್ತಿರ ಓಡಿದೆ.

“ಕೊಟ್ಟಿದ್ದ ತಿಂದ್ಬುಟ್ಯಾ ಕೂಸೇ?” ಎಂದು ನಕ್ಕು ಇನ್ನೊಂದು ಕೆಂಡ ಕೊಟ್ಟ. ಈ ಸಲ ಗಾಳಿಗೆ ಹೆದರಿ ಹಳ್ಳದ ದಾರಿ ಹಿಡಿದು ಮನೆ ಸೇರಿದೆ.

ಮಧ್ಯಾಹ್ನಕ್ಕೆ ಕೋಳಿಗಳು ತಾವಾಗಿಯೇ ಗೂಡು ಹೊಕ್ಕವು. ಸೂರ್ಯ ತಾಮ್ರದ ತಟ್ಟೆಯಾಗಿದ್ದ, ಕಣ್ಣಿಟ್ಟು ನೋಡಬಹುದಿತ್ತು. ಅಂಗಳದಲ್ಲಿ ಹರಡಿದ್ದ ರಾಗಿಯ ಮೇಲೆ ಕರಿ ಎಲೆಗಳು ಇಳಿದವು, ಒಂದೊಂದು ನರವೂ ಹಾಗೇ ಇತ್ತು, ಮುಟ್ಟಿದರೆ ಪುಡಿ. ಒಂದು ಹಕ್ಕಿಯೂ ಕೂಗಲಿಲ್ಲ. ದೂರದಲ್ಲಿ ಬಿದಿರಿನ ಗೆಣ್ಣುಗಳು ಸಿಡಿಯುತ್ತಿದ್ದವು, ಯಾರೋ ನಿಧಾನವಾಗಿ ಎಣಿಸುತ್ತಿರುವಂತೆ.

ಕಾಡಿನ ಗಾರ್ಡು ಬಂದು ಎಲ್ಲರೂ ಹೊಳೆಗೆ ಹೊರಡಿ ಎಂದ. ಅಕ್ಕ ಕರುವಿನ ಹಗ್ಗ ಹಿಡಿದಳು. ಅವ್ವ ಒಲೆಯ ಕೆಂಡವನ್ನು ಮಡಕೆಗೆ ತುಂಬಿ ನನ್ನ ಕೈಗಿತ್ತಳು. ಒಲೆ ಆರಲು ಬಿಟ್ಟು ಹೋದವರು ಆ ಮನೆಗೆ ಮರಳುವುದಿಲ್ಲ ಎಂಬುದು ಅವಳ ನಂಬಿಕೆ, ಒಲೆಯ ಬೆಂಕಿಯೇ ನಮ್ಮ ಜೊತೆ ಬಂದರೆ ತೊಂದರೆಯಿಲ್ಲ.

“ಬೆಂಕಿಗೆ ಎದರಿ ಓಡೋರು ಬೆಂಕಿನೇ ಒತ್ಕೊಂಡು ಓಡ್ತಾವ್ರೆ,” ಎಂದ ಅಪ್ಪ. ತಿರುಗಿ ನೋಡಿದೆ. ಹೊಗೆಯೊಳಗೆ ಸಾಲಾಗಿ ಬರುತ್ತಿದ್ದ ಹೆಂಗಸರ ಕೈಯಲ್ಲೆಲ್ಲ ಮಡಕೆಗಳು, ಪ್ರತಿ ಮಡಕೆಯ ಬಾಯಿಯೂ ಕೆಂಪು.

ಹೊಳೆಯ ಮರಳಿನಲ್ಲಿ ನಮ್ಮ ಹಸುಗಳ ನಡುವೆ ಒಂದು ಜಿಂಕೆ ಬಂದು ನಿಂತಿತು. ನಾಯಿಗಳು ಬೊಗಳಲಿಲ್ಲ. ಗಂಡಸರು ಮಾತ್ರ ಬೆಂಕಿ ಹೇಗೆ ಹತ್ತಿತೆಂದು ವಾದಕ್ಕಿಳಿದರು.

“ಬಿದಿರಿಗೆ ಬಿದಿರು ಉಜ್ಜಿ ಹತ್ಕೊಂಡದೆ ಕಣ್ಲಾ.”

“ಕೊಳ್ಳಿದೆವ್ವ ಕಣ. ಮೊನ್ನೆ ನಾನೇ ಕಂಡೆ.”

“ನೀ ಕಂಡಿದ್ದು ನಿನ್ ಬೀಡಿಯ, ಸುಮ್ಕಿರ್ಲಾ.”

ಗಾರ್ಡು, ನಮ್ಮೊಡನೆ ಮರಳಿನಲ್ಲಿ ಕೂತಿದ್ದ ಜೇನಿನ ಅಜ್ಜನ ಕಡೆ ತಿರುಗಿದ. “ಹೊಗೆ ಎದ್ದಿದ್ದು ನಿನ್ನ ಗುಡಿಸ್ಲು ಹತ್ರ. ಬೆಳಿಗ್ಗೆ ಒಲೆ ಹಚ್ಚಿದ್ದಾ?”

“ಹಚ್ಚಿದ್ದೆ ಸ್ವಾಮಿ.”

“ಯಾರಿಗಾದ್ರೂ ಬೆಂಕಿ ಕೊಟ್ಟಾ?”

ಅಜ್ಜ ನನ್ನ ಕೈಯ ಮಡಕೆಯನ್ನು ನೋಡಿದ. “ಯಾರ್ಗೂ ಇಲ್ಲ ಬುಡಿ.”

ನಾನು ಬಾಯಿ ತೆರೆದೆ. ಹೊಗೆ ಒಳಗೆ ಹೋಯಿತು, ಮಾತು ಹೊರಗೆ ಬರಲಿಲ್ಲ. ಗಾರ್ಡು ಅಜ್ಜನನ್ನು ಕೋಟೆ ಊರಿನ ಠಾಣೆಯ ಕಡೆಗೆ ನಡೆಸಿಕೊಂಡು ಹೋದ.

ಬೆಂಕಿ ಊರಿನ ಅಂಚಿಗೆ ಬಂದು ನಿಂತಿತು. ನಾವು ಮನೆಗೆ ಮರಳಿದೆವು. ಕೆಲವು ದಿನಗಳ ನಂತರ ಒಲೆ ಮತ್ತೆ ಆರಿದಾಗ ಕಪ್ಪಾದ ಕಾಲುದಾರಿಯಲ್ಲಿ ಹೋದೆ. ಅಜ್ಜ ಗುಡಿಸಲಿನಲ್ಲಿದ್ದ. ಈ ಸಲ ಬೆರಣಿ ಕೊಡಲಿಲ್ಲ. ತೆಂಗಿನ ಚಿಪ್ಪಿನಲ್ಲಿ ಕೆಂಡ ಇಟ್ಟು, ಮೇಲೊಂದು ಚಿಪ್ಪು ಮುಚ್ಚಿ, ನಾರಿನಿಂದ ಕಟ್ಟಿಕೊಟ್ಟ.

ಅಕ್ಕ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. “ಗುಡಿಸ್ಲು ಅವತ್ತೇ ಸುಟ್ಟೋಯ್ತು ಕಣೇ. ಆ ಅಜ್ಜ ವಾಪಸ್ ಬರ್ಲೇ ಇಲ್ಲ,” ಎನ್ನುತ್ತಿದ್ದಳು. ಹಾಗಾದರೆ ನಮ್ಮ ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ, ಒಳಗೆ ಕರಕಾದ ಆ ಎರಡು ಚಿಪ್ಪು?

ಹೋಗಿ ನೋಡೋಣವೆಂದರೆ ಆ ಊರು, ಆ ದಾರಿ ಈಗ ಅದೇ ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟಿನ ಹಿನ್ನೀರಿನ ಕೆಳಗಿವೆ. ನೀವು ಅಲ್ಲಿ ದೋಣಿಯಲ್ಲಿ ಕೂತು ಆನೆಗಳ ಫೋಟೊ ತೆಗೆದಿರಿ. ನಿಮ್ಮ ಅಡುಗೆಮನೆಯಲ್ಲಿ ಬೆಂಕಿ ಲೈಟರಿನ ಒಂದು ಚಿಟಿಕೆ. ಯಾರ ಬಾಗಿಲಿಗೂ ಹೋಗಿ ಕೇಳಬೇಕಿಲ್ಲ. ಆದರೂ ಗ್ಯಾಸ್ ಹಚ್ಚಿದಾಗಲೆಲ್ಲ ನಾನು ಕಾಲಿನಿಂದ ನೆಲ ಉಜ್ಜುತ್ತೇನೆಂದು ನೀವು ನಗುತ್ತೀರಿ. ನಗಿ. ನಾನು ಉಜ್ಜುತ್ತೇನೆ.