ನ್ಯಾಯಾಲಯದಿಂದ ಮರಳಿದ ಮೇಲಿನ ಒಂದು ಗಂಟೆ

ಕಾನೂನು ಶಿಕ್ಷಣವೆಂದರೆ ಕಲಮುಗಳನ್ನು ಬಾಯಿಪಾಠ ಮಾಡಿಸುವುದೆಂದೇ ನಂಬಿದ್ದ ಕಾಲದಲ್ಲಿ, ಆ ಕಲಮುಗಳನ್ನು ಹೊತ್ತು ತಿರುಗುವ ಜೀವವೂ ಒಂದಿದೆಯೆಂದು ನೆನಪಿಸಿದವರು ನಮ್ಮ ಕ್ರಿಮಿನಲ್ ಕಾನೂನಿನ ಮೇಡಂ. ಅವರ ನಿವೃತ್ತಿಯ ಈ ಸಂದರ್ಭದಲ್ಲಿ ಅಭಿನಂದನಾ ಸಂಪುಟಕ್ಕೆ ಬರೆಯುವ ಭಾಗ್ಯ ಹಳೆಯ ವಿದ್ಯಾರ್ಥಿನಿಯಾದ ನನ್ನದಾಗಿದೆ. ಸಿಹಿ ನೆನಪುಗಳಿರಲಿ ಎಂದು ಸಂಪಾದಕರು ಸೂಚಿಸಿದ್ದಾರೆ; ಇರುವಷ್ಟನ್ನು ಬರೆಯುತ್ತೇನೆ.

ಕೋರ್ಟಿಗೆ ಹೋಗಿಬಂದ ವಿದ್ಯಾರ್ಥಿಗಳನ್ನು ಮೇಡಂ ವೇಳಾಪಟ್ಟಿಯ ಒಂದು ಗಂಟೆ ಸುತ್ತ ಕೂರಿಸಿಕೊಂಡು, ಕಂಡದ್ದೇನು, ಅದು ತಮಗೆ ಮಾಡಿದ್ದೇನು ಎಂದು ಹೇಳಿಸುತ್ತಿದ್ದರು. ಒಮ್ಮೆ ತಾಯಿಯೊಬ್ಬಳ ಸೆರಗಿನಿಂದ ಮಗುವಿನ ಬೆರಳುಗಳನ್ನು ಬಿಡಿಸಿ ತಂದೆಗೊಪ್ಪಿಸಿದ್ದನ್ನು ನೋಡಿಬಂದ ನಾನು, ಆದೇಶದ ತರ್ಕವನ್ನು ಗಿಣಿಯಂತೆ ಒಪ್ಪಿಸತೊಡಗಿದೆ.

"ಅದು ಆಮೇಲೆ. ಅದನ್ನ ನೋಡ್ತಾ ನಿನಗೇನಾಯ್ತು, ಮೊದಲು ಅದನ್ನ ಹೇಳು ಮಗಳೇ," ಎಂದರು.

ನಾನು ಅತ್ತು ಮುಗಿಸುವವರೆಗೂ ಕಾದು, "ಈಗ ಹೇಳು, ಎಂಥ ವಕೀಲೆ ಆಗ್ಬೇಕು ಅಂತಿದ್ದೀಯ?" ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಇಂದಿಗೂ ಕೋರ್ಟಿನಲ್ಲಿ ಉತ್ತರ ಹುಡುಕುತ್ತಿದ್ದೇನೆ. ಮೇಡಂ ಅವರ ಸಹೋದ್ಯೋಗಿಗಳು ಮಾತ್ರ ಆ ಗಂಟೆಗೆ 'ಅಳುಬುರುಕರ ಕ್ಲಾಸು' ಎಂದು ಹೆಸರಿಟ್ಟು ನಕ್ಕರು.

ಒಂದು ದಿನ ಅದೇ ಗಂಟೆಯಲ್ಲಿ, ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ತರಬೇತಿಗಿದ್ದ ನನ್ನ ಸಹಪಾಠಿ ತಲೆಯೆತ್ತದೆ ಹೇಳಿದ: "ಸಾಕ್ಷಿಗೆ ಸುಳ್ಳು ಹೇಳಿಕೊಡು ಅಂದ್ರು ಮೇಡಂ. ಹೇಳಿಕೊಟ್ಟೆ. ಆವತ್ತಿಂದ ಊಟ ಸೇರ್ತಿಲ್ಲ."

ಆ ವಕೀಲರು ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಸದಸ್ಯರು. ಹುಡುಗನನ್ನು ಬೇರೆ ಕಚೇರಿಗೆ ಕಳುಹಿಸಬೇಕೆಂದು ಮೇಡಂ ಕೋರಿದಾಗ ಪ್ರಾಂಶುಪಾಲರಿಗೆ ವಾಸನೆ ಬಡಿಯಿತು.

"ಅವನು ಏನು ಹೇಳಿದ ಅಂತ ಬರೆದುಕೊಡಿ."

"ಅವನು ನನ್ನನ್ನ ನಂಬಿ ಹೇಳಿದ್ದು, ಸರ್. ಕೊಡಕ್ಕಾಗಲ್ಲ."

ವೇಳಾಪಟ್ಟಿಯಿಂದ ಆ ಗಂಟೆ ಮಾಯವಾಯಿತು. ಮುಂದೆ ಹಿರಿತನದಿಂದ ಮೇಡಂಗೆ ಸಲ್ಲಬೇಕಾಗಿದ್ದ ಪ್ರಾಂಶುಪಾಲ ಹುದ್ದೆ ಅವರಿಗಿಂತ ಕಿರಿಯರ ಪಾಲಾಯಿತು. ಆ ವಕೀಲರಿಂದ ತರಬೇತಿಯ ಪ್ರಮಾಣಪತ್ರ ಸಿಗದ ಹುಡುಗ ಓದು ಬಿಟ್ಟು, ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಅಂದು ಬಾಯಿಗೆ ಬೀಗ ಹಾಕಿಕೊಂಡಿದ್ದ ಮಹನೀಯರೆಲ್ಲ ಇದೇ ಸಂಪುಟದಲ್ಲಿ ಮೇಡಂ ಅವರ ಧೈರ್ಯವನ್ನು ಕೊಂಡಾಡಿದ್ದಾರೆ. ಮೇಡಂ ಹೆಸರಿನಲ್ಲಿ ಕಾಲೇಜು ವಿದ್ಯಾರ್ಥಿ ಕ್ಷೇಮ ಕೇಂದ್ರವನ್ನು ತೆರೆಯಲಿದೆ. ಉದ್ಘಾಟಿಸುವವರು ಅದೇ ಹಿರಿಯ ವಕೀಲರು.

ಉದ್ಘಾಟನಾ ಸಮಾರಂಭದ ಸಮಿತಿಯವರೊಡನೆ ನಾನೂ ಮೇಡಂ ಅವರನ್ನು ಆಹ್ವಾನಿಸಲು ಹೋದಾಗ ಅವರು ಕೇಳಿದ್ದು ಒಂದೇ ಮಾತು: "ಆ ಹುಡುಗನ್ನ ಕರೆದಿದ್ದೀರಾ?"

"ವಿಳಾಸ ಸಿಗಲಿಲ್ಲ ಮೇಡಂ," ಎಂದರು ಕಾರ್ಯದರ್ಶಿ.

"ನನ್ನ ಹತ್ರ ಇದೆ. ಬರ್ಕೊಳ್ಳಿ."

ಕಾರ್ಯದರ್ಶಿ ಜೇಬಿನ ಪೆನ್ನು ಮುಟ್ಟಲಿಲ್ಲ. ನಾನು ಬರೆದುಕೊಂಡೆ.

ಮೇಡಂ ಬಹುಕಾಲ ಆರೋಗ್ಯದಿಂದ ಬಾಳಲಿ. ವಕೀಲರ ಸಂಘದ ಗ್ರಂಥಾಲಯದಲ್ಲಿ ಕಿರಿಯ ವಕೀಲರನ್ನು ಕೂರಿಸಿಕೊಂಡು ಅವರು ಮತ್ತೆ ಆರಂಭಿಸಿರುವ ಕಾಯಕ ಯಾರ ಅಪ್ಪಣೆಗೂ ಕಾಯದೆ ಸಾಗಲಿ ಎಂದು ಹಾರೈಸುತ್ತೇನೆ. ಸಮಾರಂಭಕ್ಕೆ ಆ ಸಹಪಾಠಿಯನ್ನು ನಾನೇ ಹೋಗಿ ಕರೆಯುವವಳಿದ್ದೇನೆ. ಯಾರು ಉದ್ಘಾಟಿಸುತ್ತಾರೆಂದು ಅವನು ಕೇಳಿದರೆ ಹೇಳಲೇಬೇಕಾಗುತ್ತದೆ.