ಊಟ ಆತೇನ್ರಿ ಪ್ಯಾಕೆಟ್

ಎಂಬತ್ತರ ದಶಕದ ಕೊನೆ. ಬಳ್ಳಾರಿಯಲ್ಲಿ ಅದಿರು ಸಾಗಿಸುವವರ ಆಫೀಸು. ಮಹಡಿಯ ಕಂಪ್ಯೂಟರಿನಿಂದ ಕಳಿಸಿದ ಲಾರಿ ವಿವರ ಕೆಳಗಿನ ಕಂಪ್ಯೂಟರಿಗೆ ಬಂದು ಒಳಗೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅದನ್ನು ಸರಿಮಾಡಲು ನನ್ನನ್ನು ಕರೆಸಿದ್ದರು.

ಮೇಲೆ ಕೂರುತ್ತಿದ್ದವರು ಶಾಂತಮ್ಮ. ಕೆಳಗೆ, ದಿನಾ ಸಿರುಗುಪ್ಪದಿಂದ ಬಸ್ಸಿಗೆ ಬರುವ ಪಂಪಣ್ಣ.

"ಸಿಕ್ಕೊಂಡ್ರೆ ಏನು ಮಾಡ್ತೀರಮ್ಮ?" ಎಂದು ಕೇಳಿದೆ.

"ಹಿಂದ ಇನ್ನೊಂದು ಕಳಸ್ತೀನ್ರಿ. ಅದು ನೂಕಿದ್ರ ಮೊದಲಿಂದು ಹೋಗತೈತಿ."

"ಅದರಲ್ಲಿ ಏನು ಬರೀತೀರಿ?"

ಶಾಂತಮ್ಮ ಸೆರಗು ಸರಿಮಾಡಿಕೊಂಡರು. "ಏನರ ಬರೀಬೇಕಲ್ರಿ. ಊಟ ಆತೇನ್ರಿ, ನಿಮ್ಮೂರ ಕಾಲುವಿಗೆ ನೀರು ಬಿಟ್ರೇನ್ರಿ, ಅಂತ."

ಆ ಎರಡನೆಯದೂ ಮುಂದಿನ ಲಾರಿ ವಿವರ ಬಂದು ನೂಕುವವರೆಗೆ ಅಲ್ಲೇ ಕೂರುತ್ತಿತ್ತು. ಮಧ್ಯಾಹ್ನದ ಊಟದ ಪ್ರಶ್ನೆ ಸಂಜೆ ತಲುಪಿದರೂ ಪಂಪಣ್ಣ ತಪ್ಪದೆ ಉತ್ತರ ಕೊಡುತ್ತಿದ್ದರಂತೆ.

ತಪ್ಪು ಸಣ್ಣದು. ತಂತಿಯಲ್ಲಿ ಬರುವ ಒಂದೊಂದು ಸಂದೇಶವೂ ಒಂದು ಪ್ಯಾಕೆಟ್; ಅದು ಬಂತೆಂದು ಕೆಳಗಿನ ಕಂಪ್ಯೂಟರಿನ ಈಥರ್ನೆಟ್ ಕಾರ್ಡು ಕರೆದಾಗ, ಎರಡು ಒಟ್ಟಿಗೆ ಬಂದಿದ್ದರೂ ಕಾರ್ಡನ್ನು ನಡೆಸುವ ಡ್ರೈವರ್ ಪ್ರೋಗ್ರಾಮು ಒಂದನ್ನೇ ಎತ್ತಿಕೊಂಡು ಸುಮ್ಮನಾಗುತ್ತಿತ್ತು. ಬಂದವು ಕಾದು ಕೂರುವ ಬಫರ್ ಖಾಲಿಯಾಗುವವರೆಗೂ ಎತ್ತುತ್ತಿರು ಎಂದು ತಿದ್ದಿ ಬರೆದೆ. ಸಾಹೇಬರು ಚಹಾ ತರಿಸಿ ಹೊಗಳಿದರು.

ಕೆಲವು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಹೋದಾಗ ಶಾಂತಮ್ಮ ಸಿಕ್ಕರು.

"ಈಗ ಏನೂ ನಿಲ್ಲೋದಿಲ್ಲ ತಾನೆ?"

"ಇಲ್ರಿ, ಭಾಳ ಚಲೋ ಐತಿ."

"ಪಂಪಣ್ಣೋರು ಹೇಗಿದ್ದಾರೆ?"

"ಗೊತ್ತಿಲ್ರಿ."

"ಕೇಳಬಹುದಲ್ಲಮ್ಮ, ಈಗ ತಕ್ಷಣ ಹೋಗುತ್ತೆ."

"ಸುಮ್ಸುಮ್ನ ಹೆಂಗ ಕೇಳೂದ್ರಿ?" ಎಂದರು, ತೆರೆಯಿಂದ ಕಣ್ಣು ತೆಗೆಯದೆ. "ಆವಾಗಾದ್ರ ಮಿಷನ್ನು ಕೆಟ್ಟಿತ್ತು."

ಸರಿಯಾಗಿರುವುದನ್ನು ಕೆಡಿಸಿಕೊಡಿ ಎಂದು ನಮ್ಮಂಥವರನ್ನು ಯಾರೂ ಕರೆಸುವುದಿಲ್ಲ.